ಪರದೇಶಿಯ ಚೌಕಾಸಿ

ಕನ್ನಡದಲ್ಲಿ ‘ಪರದೇಶಿ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಬೇರೆ ದೇಶದಿಂದ ಬಂದವನು ಎಂಬುದು ಒಂದು; ಹಿಂದೆ ಮುಂದೆ ಯಾರೂ ಇಲ್ಲದ ದಿಕ್ಕಿಲ್ಲದವನು ಎಂಬುದು ಇನ್ನೊಂದು. ಜನರ ಬಾಯಲ್ಲಿ ಹೆಚ್ಚು ಓಡಾಡುವುದು ಎರಡನೆಯ ಅರ್ಥವೇ. ಈ ಎರಡು ಅರ್ಥಗಳು ಕೂಡುವ ಜಾಗ ಯಾವುದು ಎಂದು ಕೇಳಿದರೆ ಸಂತೆ ಎಂದು ಹೇಳಬೇಕು. ಜೇಬಿನಲ್ಲಿ ಬೇಕಾದಷ್ಟು ಹಣವಿದ್ದರೂ ಮಾತು ಬಾರದ, ತೂಕ ತಿಳಿಯದ, ನಿನ್ನೆಯ ಬೆಲೆ ಗೊತ್ತಿಲ್ಲದ ಮನುಷ್ಯ ಅಲ್ಲಿ ಎರಡೂ ಅರ್ಥದಲ್ಲಿ ಪರದೇಶಿಯೇ.

ಮಾನ್ವಿಯಿಂದ ಸಿಂಧನೂರಿಗೆ ಹೋಗುವ ಹಾದಿಯಲ್ಲಿ ಸಿಗುವ ಪೋತ್ನಾಳದಂಥ ಊರನ್ನೇ ತೆಗೆದುಕೊಳ್ಳಿ. ಸುತ್ತಲಿನ ಹಳ್ಳಿಯವರು ಕಾಯಿಪಲ್ಲೆಗೂ ಕಿರಾಣಿಗೂ ಬರುವ ಇಂಥ ಊರುಗಳಲ್ಲಿ ವ್ಯಾಪಾರ ಶುರುವಾಗುವುದು ಬೆಲೆಯಿಂದಲ್ಲ, ಸಂಬಂಧದಿಂದ. ‘ಯಕ್ಕಾ, ಬದನಿಕಾಯಿ ಹೆಂಗ ಕೊಟ್ಟಿ?’ ಎಂದು ಕೊಳ್ಳುವವಳು ಕೇಳಿದರೆ, ‘ನಿನಗೇನು ಹೆಚ್ಚಿಗಿ ಹೇಳ್ತೀನೇನವ್ವಾ’ ಎಂದು ಮಾರುವವಳು ಉತ್ತರಿಸುತ್ತಾಳೆ. ಅಕ್ಕ, ಅಣ್ಣ, ಯಪ್ಪಾ, ಯವ್ವಾ ಎಂಬ ಈ ಸಂಬೋಧನೆಗಳು ಬರಿಯ ಉಪಚಾರವಲ್ಲ. ಇಬ್ಬರೂ ಒಂದು ಮರ್ಯಾದೆಗೆ ಒಳಪಟ್ಟೆವು, ತೀರಾ ಮೋಸ ಮಾಡುವಂತಿಲ್ಲ, ತೀರಾ ಹಿಂಡುವಂತೆಯೂ ಇಲ್ಲ ಎಂಬ ಕರಾರು ಅದರಲ್ಲಿದೆ. ಹೊರದೇಶದ ಪ್ರವಾಸಿಗೆ ಮೊದಲು ಇಲ್ಲದಿರುವುದು ಇದೇ. ಅವನು ಬೆಲೆ ಕೇಳಬಲ್ಲ. ಅಕ್ಕಾ ಎಂದು ಕರೆಯಲು ಅವನಿಗೆ ತಿಳಿಯದು.

ಆದುದರಿಂದಲೇ ‘ವಿದೇಶಿಯರಿಗೆ ಬೆಲೆ ಏರಿಸಿ ಹೇಳುತ್ತಾರೆ’ ಎಂಬ ದೂರನ್ನು ವ್ಯಾಪಾರಿಯ ದುರಾಸೆ ಎಂದು ಒಂದೇ ಮಾತಿನಲ್ಲಿ ಮುಗಿಸುವಂತಿಲ್ಲ. ಚೌಕಾಸಿ ಎಂಬುದು ಏನು, ಅದು ಯಾವ ಕೆಲಸ ಮಾಡುತ್ತದೆ, ಅದರಲ್ಲಿ ಸೋಲುವವರು ಯಾರು ಎಂಬುದನ್ನು ನೋಡಬೇಕು. ಅದಕ್ಕೆ ರಾಯಚೂರು ಸೀಮೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಕೃಷ್ಣಾ ತುಂಗಭದ್ರೆಗಳ ನಡುವಿನ ಈ ನೆಲದಲ್ಲಿಯೂ ಇದರ ಸುತ್ತಮುತ್ತಲೂ ಐದುನೂರು ವರ್ಷಗಳಿಂದ ಪರದೇಶಿಗಳು ಚೌಕಾಸಿ ಮಾಡುತ್ತ ಬಂದಿದ್ದಾರೆ. ಕೆಲವರು ಅದನ್ನು ಬರೆದೂ ಇಟ್ಟಿದ್ದಾರೆ.

ಹೇಳುವ ಬೆಲೆ, ಕೊಡುವ ಬೆಲೆ

ಮರಾಠಿಯಲ್ಲಿ ‘ಚೌಕಶಿ’ ಎಂದರೆ ವಿಚಾರಣೆ. ನಮ್ಮ ಚೌಕಾಸಿಯಲ್ಲಿಯೂ ನಡೆಯುವುದು ಮೂಲತಃ ವಿಚಾರಣೆಯೇ. ಸಂತೆಯಲ್ಲಿ ಬೆಲೆಯ ಚೀಟಿ ಇರುವುದಿಲ್ಲ. ಬೆಳಗ್ಗೆ ಬಂದ ಬದನೆಕಾಯಿಯ ಬೆಲೆ ಮಧ್ಯಾಹ್ನಕ್ಕೆ ಒಂದು, ಹೊತ್ತು ಮುಳುಗುವಾಗ ಇನ್ನೊಂದು. ಪಕ್ಕದ ಸಾಲಿನಲ್ಲಿ ಎಷ್ಟು ಬುಟ್ಟಿ ಬಂದಿದೆ, ಮಳೆ ಬರುವಂತಿದೆಯೇ, ಉಳಿದುದನ್ನು ಹೊತ್ತುಕೊಂಡು ಹೋಗಲು ಗಾಡಿ ಇದೆಯೇ ಎಂಬುದೆಲ್ಲ ಬೆಲೆಯಲ್ಲಿ ಸೇರುತ್ತದೆ. ಮಾರುವವರಿಗೆ ಇದು ಗೊತ್ತು. ಕೊಳ್ಳುವವರಿಗೆ ಅರ್ಧ ಗೊತ್ತು. ಉಳಿದ ಅರ್ಧವನ್ನು ಮಾತಿನಿಂದ ಹೊರಗೆಳೆಯುವುದೇ ಚೌಕಾಸಿ.

ಅಮೆರಿಕದ ಮಾನವಶಾಸ್ತ್ರಜ್ಞ ಕ್ಲಿಫರ್ಡ್ ಗೀರ್ಟ್ಜ್ ಮೊರಾಕ್ಕೊ ದೇಶದ ಸೆಫ್ರೂ ಎಂಬ ಊರಿನ ಪೇಟೆಯನ್ನು ಅಭ್ಯಾಸ ಮಾಡಿ 1978ರಲ್ಲಿ ಒಂದು ಪ್ರಬಂಧ ಬರೆದರು. ಇಂಥ ಪೇಟೆಗಳಲ್ಲಿ ನಿಜವಾಗಿ ಅಭಾವವಿರುವುದು ಸರಕಿಗಲ್ಲ, ತಿಳಿವಳಿಕೆಗೆ. ಅದು ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿರುವುದಿಲ್ಲ ಎಂಬುದು ಅವರ ವಾದದ ತಿರುಳು. ಈ ಕೊರತೆಯನ್ನು ತುಂಬಲು ಜನ ಎರಡು ದಾರಿ ಹಿಡಿಯುತ್ತಾರೆ ಎಂದು ಅವರು ಹೇಳಿದರು. ಒಂದು, ಒಬ್ಬ ವ್ಯಾಪಾರಿಯ ಖಾಯಂ ಗಿರಾಕಿಯಾಗುವುದು. ಎರಡು, ಬಿಡದೆ ಚೌಕಾಸಿ ಮಾಡುವುದು. ಮೊರಾಕ್ಕೊಗೆ ಹೋಗದ ನಮ್ಮ ಹಿರಿಯರಿಗೂ ಇದು ತಿಳಿದ ಸಂಗತಿಯೇ. ‘ಅವರ ಅಂಗಡಿಗೇ ಹೋಗು, ನನ್ನ ಹೆಸರು ಹೇಳು’ ಎಂದು ಮಗನನ್ನು ಪೇಟೆಗೆ ಕಳಿಸುವ ತಂದೆ ಅವನಿಗೆ ಕೊಡುತ್ತಿರುವುದು ಹಣವಲ್ಲ, ತಿಳಿವಳಿಕೆಗೆ ಬದಲಾಗಿ ಬಳಸಬಹುದಾದ ಸಂಬಂಧ.

ಇನ್ನೊಂದು ಸಂಗತಿಯಿದೆ. ಚೌಕಾಸಿ ಎಂದರೆ ಬೆಲೆಯನ್ನು ಇಳಿಸುವುದು ಮಾತ್ರ ಎಂದು ಹೊರಗಿನವರು ತಿಳಿಯುತ್ತಾರೆ. ಸಂತೆಯಲ್ಲಿ ಬೆಲೆಯ ಜೊತೆಗೆ ಅಳತೆ, ಗುಣ, ಸಾಲದ ವಾಯಿದೆ ಎಲ್ಲವೂ ಚೌಕಾಸಿಯ ಸಾಮಗ್ರಿಗಳೇ. ಬೆಲೆ ಬಿಟ್ಟುಕೊಡದ ಮುದುಕಿ ತೂಗಿದ ಮೇಲೆ ಒಂದು ಹಿಡಿ ಮೆಣಸಿನಕಾಯಿಯನ್ನೋ ಕೊತ್ತಂಬರಿಯ ನಾಲ್ಕು ಎಳೆಯನ್ನೋ ಚೀಲಕ್ಕೆ ಹಾಕುತ್ತಾಳೆ. ಇದೇ ಕೊಸರು. ಅವಳು ಹೇಳಿದ ಬೆಲೆ ಉಳಿಯಿತು, ಗಿರಾಕಿಯ ಮನಸ್ಸೂ ಉಳಿಯಿತು. ಕೊಸರಾಡುವುದು ಎಂದರೆ ಚೌಕಾಸಿ ಮಾಡುವುದು ಎಂದೇ ಕನ್ನಡದಲ್ಲಿ ಅರ್ಥವಾಗಿರುವುದು ಸುಮ್ಮನೆ ಅಲ್ಲ. ಇನ್ನು ಬೋಣಿಗೆಯ ಹೊತ್ತು. ದಿನದ ಮೊದಲ ಗಿರಾಕಿ ಬರಿಗೈಯಲ್ಲಿ ಹೋದರೆ ವ್ಯಾಪಾರ ಕೈಹಿಡಿಯದು ಎಂಬ ನಂಬಿಕೆಯಿಂದ ವ್ಯಾಪಾರಿ ಆಗ ಒಂದಿಷ್ಟು ಬಗ್ಗುತ್ತಾನೆ. ಆದರೆ ಬೋಣಿಗೆಯ ಹೊತ್ತಿನಲ್ಲಿ ಬೆಲೆ ಕೇಳಿ ಕೊಳ್ಳದೆ ಹೋಗುವುದು ಮಹಾ ಅಪರಾಧ. ಸುಮ್ಮನೆ ಕುತೂಹಲಕ್ಕೆ ಬೆಳಗ್ಗೆಯೇ ಬೆಲೆ ವಿಚಾರಿಸಿ ಮುಂದೆ ನಡೆಯುವ ಪ್ರವಾಸಿಗೆ ಹಿಂದಿನಿಂದ ಬೈಗುಳ ಏಕೆ ಬಂತೆಂಬುದು ತಿಳಿಯುವುದೇ ಇಲ್ಲ.

ಕುದುರೆ ತಂದವರು

ನಮ್ಮ ಮಧ್ಯಕಾಲದ ಶಾಸನಗಳಲ್ಲಿ ಪರದೇಶಿ ಎಂಬುದು ದಿಕ್ಕಿಲ್ಲದವನಿಗೆ ಹೇಳುವ ಮಾತಾಗಿರಲಿಲ್ಲ. ಅಯ್ಯಾವೊಳೆಯ ಐನೂರ್ವರು ಎಂದು ಹೆಸರಾದ ವರ್ತಕ ಸಂಘದ ಸುತ್ತ ಸ್ವದೇಶಿ, ಪರದೇಶಿ, ನಾನಾದೇಶಿ ಎಂಬ ಹೆಸರುಗಳು ಬರುತ್ತವೆ. ಅಲ್ಲಿ ಪರದೇಶಿಯೆಂದರೆ ಹೊರನಾಡಿನಿಂದ ಬಂದ, ಸಂಘದ ಬೆಂಬಲವುಳ್ಳ ವ್ಯಾಪಾರಿ. ಬೆನ್ನಿಗೆ ಸಂಘವಿದ್ದವನು ದೂರದ ಸಂತೆಯಲ್ಲಿಯೂ ಅನಾಥನಲ್ಲ.

ಅಂಥ ಬೆಂಬಲವಿಲ್ಲದೆ ಬಂದವನ ಪಾಡು ಏನಾಗುತ್ತಿತ್ತು ಎಂಬುದಕ್ಕೆ ರಷ್ಯದ ಟ್ವೆರ್ ಊರಿನ ಅಫನಾಸಿ ನಿಕಿತಿನ್ ಸಾಕ್ಷಿ. 1470ರ ಆಸುಪಾಸಿನಲ್ಲಿ ಅವನು ಬಹಮನಿ ರಾಜ್ಯಕ್ಕೆ ಬಂದ. ಮಾರಲೆಂದು ಒಂದೇ ಒಂದು ಕುದುರೆಯನ್ನು ಹಡಗಿನಲ್ಲಿ ತಂದಿದ್ದ. ಜುನ್ನರಿನ ಅಧಿಕಾರಿ ಆ ಕುದುರೆಯನ್ನು ಹಿಡಿದಿಟ್ಟುಕೊಂಡು, ಮತಾಂತರವಾದರೆ ಕುದುರೆಯ ಜೊತೆಗೆ ಸಾವಿರ ಹೊನ್ನನ್ನೂ ಕೊಡುವೆನೆಂದನಂತೆ. ಖೊರಾಸಾನಿನ ಇನ್ನೊಬ್ಬ ಪರದೇಶಿಯ ಶಿಫಾರಸಿನಿಂದ ಕುದುರೆ ಮರಳಿ ಕೈಸೇರಿತು. ಅದನ್ನು ಬೀದರಿನವರೆಗೆ ನಡೆಸಿಕೊಂಡು ಹೋಗಿ, ತಿಂಗಳುಗಟ್ಟಲೆ ಮೇವು ಹಾಕಿ ಸಾಕಿ, ಕೊನೆಗೆ ಅಲ್ಲಿ ಮಾರಿದ. ಇಲ್ಲಿ ಬೇಕಾದಷ್ಟು ಸರಕಿದೆ ಎಂದು ತನಗೆ ಹೇಳಿದವರು ಸುಳ್ಳು ಹೇಳಿದರು, ರಷ್ಯಕ್ಕೆ ಒಯ್ಯುವಂಥದು ಏನೂ ಇಲ್ಲ ಎಂದು ತನ್ನ ಬರಹದಲ್ಲಿ ಗೊಣಗಿದ್ದಾನೆ. ಆದರೂ ಅವನ ಕಣ್ಣು ವ್ಯಾಪಾರಿಯ ಕಣ್ಣೇ. ಈಗಿನ ಕಲಬುರಗಿ ಜಿಲ್ಲೆಯ ಆಳಂದದಲ್ಲಿ ವರ್ಷಕ್ಕೊಮ್ಮೆ ಹತ್ತು ದಿನ ಜಾತ್ರೆ ನೆರೆಯುತ್ತದೆ, ಅಲ್ಲಿಗೆ 20,000 ಕುದುರೆಗಳು ಮಾರಾಟಕ್ಕೆ ಬರುತ್ತವೆ ಎಂದು ಬರೆದ. ರಾಯಚೂರಿನ ವಜ್ರದ ಬೆಲೆಯನ್ನೂ ತನ್ನ ದೇಶದ ರೂಬಲ್ ಲೆಕ್ಕಕ್ಕೆ ಇಳಿಸಿ ಗುರುತು ಹಾಕಿಕೊಂಡ. ಕಂಡ ಬೆಲೆಯನ್ನೆಲ್ಲ ಮನಸ್ಸಿನಲ್ಲೇ ತನ್ನ ನಾಣ್ಯಕ್ಕೆ ತಿರುಗಿಸಿ ನೋಡುವುದು ಇಂದಿಗೂ ಪ್ರವಾಸಿಯ ಮೊದಲ ಲಕ್ಷಣ.

ಪೋರ್ಚುಗೀಸರ ಡೊಮಿಂಗೊ ಪಾಯೆಸ್ 1520ರ ಸುಮಾರಿಗೆ ವಿಜಯನಗರವನ್ನು ಕಂಡವನು. ದಿನಕ್ಕೊಂದು ಕಡೆ ಸಂತೆ ನೆರೆಯುತ್ತಿದ್ದುದನ್ನೂ, ಸಂಜೆಯ ಪೇಟೆಯಲ್ಲಿ ಕುದುರೆ, ನಿಂಬೆ, ಕಿತ್ತಳೆ, ದ್ರಾಕ್ಷಿ, ಸೌದೆ ಮಾರುತ್ತಿದ್ದುದನ್ನೂ ಅವನು ಬರೆದಿದ್ದಾನೆ. ಅವನ ಬೆಲೆಪಟ್ಟಿಯಲ್ಲಿ ಒಂದು ಸಣ್ಣ ವಿವರ ಬಹಳ ಬೆಲೆಯುಳ್ಳದ್ದು. ನಗರದೊಳಗೆ ಒಂದು ಚಿಕ್ಕ ನಾಣ್ಯಕ್ಕೆ ಮೂರು ಕೋಳಿ, ನಗರದ ಹೊರಗೆ ಅದೇ ನಾಣ್ಯಕ್ಕೆ ನಾಲ್ಕು. ಎರಡೂ ಬೆಲೆ ಗೊತ್ತಿದ್ದವನಿಗೆ ಮಾತ್ರ ಮೂರು ಕೋಳಿ ಕೊಡುವವನೊಡನೆ ವಾದಿಸಲು ಬಾಯಿ ಬರುತ್ತದೆ. ಚೌಕಾಸಿಯ ಮೊದಲ ಪಾಠ ಇಷ್ಟರಲ್ಲೇ ಇದೆ.

ಈ ನಾಡಿಗೆ ಬಂದ ದೊಡ್ಡ ವಿದೇಶೀ ಸರಕು ಕುದುರೆ. ಅದನ್ನು ಕೊಳ್ಳುವಾಗ ದೊರೆಗಳು ಚೌಕಾಸಿ ಮಾಡದಿದ್ದ ಉದಾಹರಣೆಯೂ ಇದೆ. ಸಾಳುವ ನರಸಿಂಹ ಹೊರ್ಮುಜ್ ಮತ್ತು ಏಡನ್ನಿನಿಂದ ಕುದುರೆ ತರಿಸಿ ವರ್ತಕರು ಕೇಳಿದ ಬೆಲೆಯನ್ನೇ ಕೊಡುತ್ತಿದ್ದ. ಸಾವಿರ ಪರ್ದಾವಿಗೆ ಮೂರರಂತೆ ಕೊಳ್ಳುತ್ತಿದ್ದ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದ ಎಂದು ಫೆರ್ನಾವೊ ನೂನಿಜ್ ಹೇಳುತ್ತಾನೆ. ಕೇಳಲು ಇದು ಹುಚ್ಚು ಔದಾರ್ಯದಂತೆ ಕಾಣುತ್ತದೆ. ಆದರೆ ಸಮುದ್ರದ ಅಪಾಯವನ್ನು ದೊರೆ ತನ್ನ ತಲೆಯ ಮೇಲೆ ಹಾಕಿಕೊಂಡರೆ ವರ್ತಕ ಮುಂದಿನ ವರ್ಷವೂ ಬರುತ್ತಾನೆ, ಶತ್ರುವಿನ ಬಂದರಿಗೆ ಹೋಗುವುದಿಲ್ಲ. ಚೌಕಾಸಿ ಮಾಡದಿರುವುದೂ ಒಂದು ಚೌಕಾಸಿಯೇ.

ನಂಬಿಕೆ ಮುರಿದಾಗ ಏನಾಗುತ್ತದೆ ಎಂಬುದಕ್ಕೆ ರಾಯಚೂರೇ ಸಾಕ್ಷಿ. ನೂನಿಜ್ ಹೇಳುವ ಪ್ರಕಾರ ಕೃಷ್ಣದೇವರಾಯ ಗೋವೆಯಲ್ಲಿ ಕುದುರೆ ಕೊಂಡು ತರಲೆಂದು ಸಿದಿ ಮರ್ಕಾರ ಎಂಬ ವರ್ತಕನ ಕೈಯಲ್ಲಿ 40,000 ಪರ್ದಾವು ಕೊಟ್ಟು ಕಳಿಸಿದ. ಆತ ಹಣದೊಂದಿಗೆ ಬಿಜಾಪುರದ ಆದಿಲಶಾಹಿಯ ಆಶ್ರಯಕ್ಕೆ ಓಡಿಹೋದ. ಆತನನ್ನೂ ಹಣವನ್ನೂ ಒಪ್ಪಿಸಬೇಕೆಂಬ ಬೇಡಿಕೆ ಈಡೇರದೆ ಹೋದುದೇ 1520ರ ರಾಯಚೂರು ಯುದ್ಧಕ್ಕೆ ನೆಪವಾಯಿತು. ದೋಆಬಿನ ಮೇಲಿನ ಹಳೆಯ ಜಗಳ ಒಳಗೆ ಇದ್ದೇ ಇತ್ತು. ಆದರೆ ಕದನಕ್ಕೆ ಬಾಗಿಲು ತೆರೆದದ್ದು ನಡೆಯದೆ ಹೋದ ಒಂದು ಕುದುರೆ ವ್ಯಾಪಾರ. ಆ ಯುದ್ಧದ ಪಾಳೆಯದಲ್ಲಿಯೂ ಪೇಟೆಗಳಿದ್ದವು. ಕಾಳುಕಡಿ, ಮಾಂಸ, ಬಟ್ಟೆ, ಆಭರಣ ಎಲ್ಲವೂ ಸಿಗುತ್ತಿದ್ದ ಆ ಬೀದಿಗಳನ್ನು ನೋಡಿದವರಿಗೆ ಯುದ್ಧ ನಡೆಯುತ್ತಿದೆ ಎಂದೇ ತೋರದು ಎಂದು ನೂನಿಜ್ ಬೆರಗಾಗಿದ್ದಾನೆ.

ತಾಳಿಕೋಟೆಯ ಯುದ್ಧದ ಎರಡು ವರ್ಷಗಳ ತರುವಾಯ, 1567ರಲ್ಲಿ ವೆನಿಸ್ಸಿನ ಚೆಸಾರೆ ಫೆದೆರಿಚಿ ಹಾಳಾದ ವಿಜಯನಗರಕ್ಕೆ ಬಂದ. ಅವನು ಕಂಡದ್ದು ಇದಕ್ಕೆ ತದ್ವಿರುದ್ಧ. ಕುದುರೆ ತಂದರೆ ಕೇಳಿದ ಬೆಲೆ ಕೊಡುವೆನೆಂದು ಅರಸನು ವರ್ತಕರನ್ನು ಕರೆಸಿದ, ಕುದುರೆಗಳನ್ನು ತೆಗೆದುಕೊಂಡ, ಒಂದು ಕಾಸೂ ಕೊಡದೆ ಕಳಿಸಿದ. ಬಲವಿದ್ದವನು ಮಾತು ತಪ್ಪಿದರೆ ಚೌಕಾಸಿ ಎಂಬುದೇ ಇಲ್ಲ. ಎರಡೂ ಕಡೆಯವರಿಗೆ ‘ಬೇಡ’ ಎಂದು ಎದ್ದುಹೋಗುವ ಸ್ವಾತಂತ್ರ್ಯ ಇರುವಲ್ಲಿ ಮಾತ್ರ ಅದು ನಡೆಯುತ್ತದೆ.

ಬಟ್ಟೆಯ ಮರೆಯ ಬೆರಳು

ಮಾತಿಲ್ಲದೆಯೂ ಚೌಕಾಸಿ ನಡೆಯುತ್ತದೆ. ಇಟಲಿಯ ಲುಡೊವಿಕೊ ವರ್ತೆಮಾ ಹದಿನಾರನೆಯ ಶತಮಾನದ ಮೊದಲ ವರ್ಷಗಳಲ್ಲಿ ವಿಜಯನಗರವನ್ನೂ ಕಲ್ಲಿಕೋಟೆಯನ್ನೂ ಕಂಡವನು. ಕಲ್ಲಿಕೋಟೆಯ ದಲಾಲಿಗಳು ಬಟ್ಟೆಯ ಕೆಳಗೆ ಕೈಹಿಡಿದು ಬೆರಳಿನ ಗೆಣ್ಣು ಮುಟ್ಟಿ ಬೆಲೆ ಗೊತ್ತುಮಾಡುವುದನ್ನು ಅವನು ವಿವರಿಸಿದ್ದಾನೆ. ಇದರ ಪೂರ್ಣ ಲೆಕ್ಕ ಬರೆದಿಟ್ಟವನು ಫ್ರಾನ್ಸಿನ ವಜ್ರದ ವ್ಯಾಪಾರಿ ಜಾನ್ ಬಾಪ್ಟಿಸ್ಟ್ ಟಾವರ್ನಿಯೆ. ಹದಿನೇಳನೆಯ ಶತಮಾನದ ನಡುವೆ ಅವನು ‘ರಾವಲ್‌ಕೊಂಡ’ದ ವಜ್ರದ ಗಣಿಗೆ ಹೋಗಿದ್ದ. ಅದು ಕರ್ನೂಲಿನ ಹತ್ತಿರದ ರಾಮಳ್ಳಕೋಟ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಎಂದರೆ ರಾಯಚೂರು ಸೀಮೆಯಿಂದ ತುಂಗಭದ್ರೆ ದಾಟಿದರೆ ಆಚೆಗೆ. ಅವನ ಪ್ರವಾಸದ ಪುಸ್ತಕ 1676ರಲ್ಲಿ ಪ್ಯಾರಿಸ್ಸಿನಲ್ಲಿ ಅಚ್ಚಾಯಿತು.

ಅಲ್ಲಿ ಮಾರುವವನೂ ಕೊಳ್ಳುವವನೂ ಎದುರುಬದುರು ಕೂರುತ್ತಾರೆ. ನಡುಕಟ್ಟಿನ ಬಟ್ಟೆಯ ಮರೆಯಲ್ಲಿ ಒಬ್ಬನ ಬಲಗೈಯನ್ನು ಇನ್ನೊಬ್ಬ ಹಿಡಿಯುತ್ತಾನೆ. ಇಡೀ ಕೈಯನ್ನು ಹಿಡಿದರೆ ಸಾವಿರ. ಎಷ್ಟು ಸಲ ಒತ್ತಿದರೆ ಅಷ್ಟು ಸಾವಿರ. ಐದು ಬೆರಳು ಹಿಡಿದರೆ 500, ಒಂದು ಬೆರಳಾದರೆ 100. ಬೆರಳಿನ ನಡುಗೆಣ್ಣಿನವರೆಗೆ ಹಿಡಿದರೆ 50, ತುದಿಯ ಗೆಣ್ಣಾದರೆ 10. ಹೀಗೆ ಕೈ ಎರಡು ಸಲ ಒತ್ತಿ, ಮೂರು ಬೆರಳು ಹಿಡಿದು, ಒಂದು ಬೆರಳಿನ ಅರ್ಧ ಮುಟ್ಟಿದರೆ 2,350 ಎಂದಾಯಿತು. ಮಾತಿಲ್ಲ, ಮುಖದಲ್ಲಿ ಚಲನೆಯಿಲ್ಲ. ಒಂದೇ ಸರಕು ಒಂದೇ ಜಾಗದಲ್ಲಿ ಏಳೆಂಟು ಸಲ ಕೈಬದಲಿದರೂ ಸುತ್ತ ಕುಳಿತವರಿಗೆ ಯಾವ ಬೆಲೆಗೆ ಎಂಬುದು ತಿಳಿಯುತ್ತಿರಲಿಲ್ಲ ಎಂದು ಟಾವರ್ನಿಯೆ ಬರೆಯುತ್ತಾನೆ.

ಅದೇ ಊರಿನಲ್ಲಿ ಹತ್ತರಿಂದ ಹದಿನಾರು ವರ್ಷದ ಹುಡುಗರು ಮರದ ಕೆಳಗೆ ತಕ್ಕಡಿಕಲ್ಲು, ಹಣದ ಚೀಲ ಇಟ್ಟುಕೊಂಡು ಕುಳಿತಿರುತ್ತಿದ್ದರು. ಯಾರಾದರೂ ವಜ್ರ ತಂದರೆ ಅದು ಹಿರಿಯ ಹುಡುಗನ ಕೈಗೆ, ಅಲ್ಲಿಂದ ಕೈಯಿಂದ ಕೈಗೆ ದಾಟಿ ಮರಳಿ ಅವನ ಬಳಿಗೆ ಬರುತ್ತಿತ್ತು. ಅವನು ಬೆಲೆ ಮಾಡಿ ಕೊಳ್ಳುತ್ತಿದ್ದ. ಹೆಚ್ಚು ಬೆಲೆ ಕೊಟ್ಟು ಕೆಟ್ಟರೆ ನಷ್ಟ ಅವನದೇ. ಚೌಕಾಸಿ ಹುಟ್ಟುಗುಣವಲ್ಲ, ಕಲಿಯುವ ವಿದ್ಯೆ ಎಂಬುದಕ್ಕೆ ಇದಕ್ಕಿಂತ ಬೇರೆ ಪಾಠಶಾಲೆ ಬೇಕಿಲ್ಲ.

ಟಾವರ್ನಿಯೆ ಸ್ವತಃ ಕಲಿತದ್ದೂ ಒಂದು ಸಂಜೆಯ ಪ್ರಸಂಗದಿಂದ ತಿಳಿಯುತ್ತದೆ. ಹರಕು ಬಟ್ಟೆಯ ಒಬ್ಬ ಮನುಷ್ಯ ಬಂದು ಕುಳಿತು ಕೆಲವು ಮಾಣಿಕದ ಉಂಗುರಗಳನ್ನು ತೋರಿಸಿದ. ಅವು ತನಗೆ ಬೇಕಾದ ಸರಕಲ್ಲ ಎಂದು ಗೊತ್ತಿದ್ದೂ ಟಾವರ್ನಿಯೆ ಅವನನ್ನು ಕಳಿಸಿಬಿಡಲಿಲ್ಲ. ಬೆಲೆಗಿಂತ ಒಂದಿಷ್ಟು ಹೆಚ್ಚೇ ಕೊಟ್ಟು ಒಂದು ಉಂಗುರ ಕೊಂಡ. ಉಂಗುರ ತೋರಿಸುವುದಕ್ಕಷ್ಟೇ ಅವನು ಬಂದಿಲ್ಲ ಎಂದು ವ್ಯಾಪಾರಿಯ ಮನಸ್ಸು ಹೇಳಿತ್ತು. ಸುತ್ತ ಯಾರೂ ಇಲ್ಲದಾಗ ಆ ಮನುಷ್ಯ ತಲೆಯ ವಸ್ತ್ರ ಬಿಚ್ಚಿ ಕೂದಲೊಳಗಿನಿಂದ ಒಂದು ಚಿಂದಿಯ ಗಂಟು ತೆಗೆದ. ಅದರಲ್ಲಿದ್ದದ್ದು 48½ ಕ್ಯಾರೆಟ್ಟಿನ ವಜ್ರ. ವ್ಯಾಪಾರ ಮರುದಿನ ಊರ ಹೊರಗೆ ಮುಗಿಯಿತು. ಸಣ್ಣದರಲ್ಲಿ ಬಿಟ್ಟುಕೊಟ್ಟವನಿಗೆ ದೊಡ್ಡದು ಸಿಕ್ಕಿತು.

ಈ ಬೆರಳಿನ ಭಾಷೆ ವಜ್ರದ ಜೊತೆಗೆ ಹೋಗಲಿಲ್ಲ. ಕರ್ನಾಟಕದ ದನದ ಸಂತೆಗಳಲ್ಲಿ ಎತ್ತಿನ ಬೆಲೆಯನ್ನು ದಲಾಲಿ ಇಂದಿಗೂ ಟವೆಲ್ಲಿನ ಮರೆಯಲ್ಲಿ ರೈತನ ಬೆರಳು ಹಿಡಿದೇ ಮಾಡುವುದುಂಟು. ಬೆರಳೊಂದಕ್ಕೆ ನೂರೋ ಸಾವಿರವೋ ಎಂಬುದು ಎತ್ತನ್ನು ನೋಡಿದ ಇಬ್ಬರಿಗೂ ಹೇಳದೆಯೇ ಗೊತ್ತಿರುತ್ತದೆ. ಇದಕ್ಕೆ ಒಂದು ಒಳ್ಳೆಯ ಕಾರಣವಿದೆ. ನಾಲ್ಕು ಜನರೆದುರು ಕಡಿಮೆ ಬೆಲೆ ಕೇಳಿಸಿಕೊಂಡ ಎತ್ತಿನ ಮರ್ಯಾದೆ ಹೋಗುತ್ತದೆ. ಮುಂದೆ ಬರುವ ಗಿರಾಕಿ ಅಲ್ಲಿಂದಲೇ ಕೆಳಗಿಳಿಯುತ್ತಾನೆ. ಮರೆಯಲ್ಲಿ ಮುರಿದ ವ್ಯಾಪಾರದಿಂದ ಯಾರಿಗೂ ಅವಮಾನವಿಲ್ಲ.

ಆದರೆ ಇದೇ ಮರೆ ಕಷ್ಟಪಟ್ಟು ಬೆಳೆದವನ ಕಣ್ಣಿಗೂ ಬಟ್ಟೆ ಕಟ್ಟುತ್ತದೆ. ಹತ್ತಿಯನ್ನೋ ಶೇಂಗಾವನ್ನೋ ಗಾಡಿಯಲ್ಲಿ ಹೇರಿಕೊಂಡು ಬಂದ ರೈತನ ಮುಂದೆಯೇ ಅಡತಿಯವನೂ ಖರೀದಿದಾರನೂ ಬಟ್ಟೆಯ ಕೆಳಗೆ ಬೆಲೆ ಮಾಡಿದರೆ, ಸರಕಿನ ಒಡೆಯನಿಗೇ ಅದರ ಬೆಲೆ ಕೊನೆಗೆ ತಿಳಿಯುತ್ತದೆ. ಮೇಲೆ ದಲಾಲಿ, ಹಮಾಲಿ, ತೂಕದಲ್ಲಿ ಸೂಟು. ತನ್ನ ತಾಲ್ಲೂಕಿನ ಪೇಟೆಯಲ್ಲಿಯೇ ರೈತ ಪರದೇಶಿಯಾಗುತ್ತಾನೆ. ಇದನ್ನು ತಪ್ಪಿಸಲೆಂದೇ ನಿಯಂತ್ರಿತ ಮಾರುಕಟ್ಟೆಯ ಕಾನೂನುಗಳು ಬಂದವು. ರಾಯಚೂರು ಆಗ ಸೇರಿದ್ದ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ 1930ರಲ್ಲಿ ಕೃಷಿ ಮಾರುಕಟ್ಟೆಗಳ ಕಾಯಿದೆ ಆಯಿತು. ಕರ್ನಾಟಕಕ್ಕೆಲ್ಲ ಅನ್ವಯಿಸುವ ಕಾಯಿದೆ 1966ರದು. ಟೆಂಡರು ಅಥವಾ ಬಹಿರಂಗ ಹರಾಜಿನ ಮೂಲಕ ಬೆಲೆ ಗೊತ್ತಾಗಬೇಕು ಎಂಬುದು ಈ ವ್ಯವಸ್ಥೆಯ ಮುಖ್ಯ ಉದ್ದೇಶ. 2014ರಿಂದ ರಾಜ್ಯದ ಮಾರುಕಟ್ಟೆಗಳಲ್ಲಿ ಗಣಕಯಂತ್ರದ ಟೆಂಡರೂ ಬಂದಿತು. ಬಟ್ಟೆಯ ಮರೆಯ ಬೆರಳಿನಿಂದ ಗಣಕದ ಪರದೆಯವರೆಗಿನ ಈ ದಾರಿಯನ್ನು ಒಂದೇ ಪ್ರಶ್ನೆ ನಡೆಸಿದೆ: ಬೆಲೆ ಯಾರಿಗೆ ತಿಳಿದಿರಬೇಕು?

ಎರಡು ರೂಪಾಯಿಗಳ ಸೀಮೆ

ಪರದೇಶಿಯಾಗಲು ಸಮುದ್ರ ದಾಟಬೇಕೆಂದಿಲ್ಲ, ಹೊಳೆ ದಾಟಿದರೂ ಸಾಕು. ಸ್ವಾತಂತ್ರ್ಯಕ್ಕೆ ಮುಂಚೆ ತುಂಗಭದ್ರೆಯ ಈಚೆಗೆ ರಾಯಚೂರು ನಿಜಾಮರದು, ಆಚೆಗೆ ಬಳ್ಳಾರಿ ಬ್ರಿಟಿಷರ ಮದ್ರಾಸ್ ಪ್ರಾಂತದ್ದು. ಈಚೆಗೆ ನಡೆಯುತ್ತಿದ್ದುದು ನಿಜಾಮರ ಹಾಲಿ ಸಿಕ್ಕಾ ರೂಪಾಯಿ, ಆಚೆಗೆ ಕಲ್ದಾರ್ ರೂಪಾಯಿ. ಸುಮಾರು ಏಳು ಹಾಲಿ ರೂಪಾಯಿಗೆ ಆರು ಕಲ್ದಾರ್. ಹೆಸರು ಒಂದೇ, ‘ರೂಪಾಯಿ’, ಬೆಲೆ ಬೇರೆ. ಎತ್ತು ಕೊಳ್ಳಲು ಹೊಳೆ ದಾಟಿದವನು ‘ಯಾವ ರೂಪಾಯಿ?’ ಎಂದು ಕೇಳದೆ ಒಪ್ಪಿಕೊಂಡರೆ ಏಳರಲ್ಲಿ ಒಂದು ಪಾಲು ಕಳೆದುಕೊಳ್ಳುತ್ತಿದ್ದ. 1948ರಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿದ ಮೇಲೆ, 1950ರ ದಶಕದಲ್ಲಿ ಹಾಲಿ ಸಿಕ್ಕಾ ಮರೆಯಾಯಿತು. 1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಪಾರಸಿಕ ರಾಯಭಾರಿ ಅಬ್ದುರ್ ರಜಾಕ್ ವರಾಹ, ಅದರ ಅರ್ಧ ಪ್ರತಾಪ, ಪ್ರತಾಪದ ಹತ್ತನೆಯ ಒಂದು ಪಾಲು ಹಣ, ಹಣದ ಆರನೆಯ ಒಂದು ಪಾಲು ತಾರ ಎಂದು ನಾಣ್ಯಗಳ ಲೆಕ್ಕವನ್ನು ಕಷ್ಟಪಟ್ಟು ಬರೆದುಕೊಂಡದ್ದು ಏಕೆಂಬುದು ಇದರಿಂದ ಅರ್ಥವಾಗುತ್ತದೆ.

ಅಳತೆಯ ಪಾಡೂ ಇದೇ ಆಗಿತ್ತು. ಸೇರು, ಅಚ್ಚೇರು, ಪಾವಸೇರು, ಚಟಾಕು ಎಂಬ ಹೆಸರುಗಳು ಎಲ್ಲ ಕಡೆ ಇದ್ದರೂ ಒಂದೂರಿನ ಸೇರು ಇನ್ನೊಂದೂರಿನ ಸೇರಿಗೆ ಸಮನಾಗಿರಲಿಲ್ಲ. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಊರೂರಿನ ತೂಕ ಅಳತೆಗಳನ್ನು ಬೇರೆ ಬೇರೆಯಾಗಿ ಬರೆದುಕೊಳ್ಳಬೇಕಾಯಿತು. 1957ರಲ್ಲಿ ದಶಮಾಂಶ ನಾಣ್ಯ ಬಂತು. ಅದರ ಬೆನ್ನಿಗೆ ಕಿಲೋಗ್ರಾಂ, ಮೀಟರುಗಳು. 1990ರಲ್ಲಿ ಪೊಟ್ಟಣದ ಸರಕಿನ ಮೇಲೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆಯನ್ನು ಮುದ್ರಿಸಬೇಕೆಂಬ ನಿಯಮವಾಯಿತು. ಇದರಿಂದ ಹೊರಗಿನವನಿಗೆ ಆದ ಉಪಕಾರ ದೊಡ್ಡದು. ಪೋತ್ನಾಳದಲ್ಲಿ ಬಿಸ್ಕತ್ತಿನ ಪೊಟ್ಟಣ ಕೊಳ್ಳುವವನು ಯಾವ ದೇಶದವನಾದರೂ ಒಂದೇ.

ಇದೇ ಸೀಮೆ ಹೊಸ ಪರದೇಶಿಗಳನ್ನೂ ಕಂಡಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಆಂಧ್ರದ ರೈತರು ಬಂದು ಮಾನ್ವಿ, ಸಿಂಧನೂರು ಕಡೆ ಕ್ಯಾಂಪುಗಳನ್ನು ಕಟ್ಟಿಕೊಂಡರು. ಸಿಂಧನೂರಿನ ಹತ್ತಿರ ಪೂರ್ವ ಬಂಗಾಳದ ನಿರಾಶ್ರಿತರೂ ನೆಲೆಸಿದರು. ಮೊದಮೊದಲು ಬೆರಳು ತೋರಿಸಿ ವ್ಯಾಪಾರ ಮಾಡಿದವರ ಮಕ್ಕಳು ಈಗ ಇಲ್ಲಿನವರಂತೆಯೇ ಕೊಸರಾಡುತ್ತಾರೆ. ಪರದೇಶಿತನ ಶಾಶ್ವತವಲ್ಲ; ಹತ್ತಾರು ಸಂತೆ ಮಾಡಿದರೆ ಅದು ಕಳೆಯುತ್ತದೆ. ಕಳೆಯಲು ಸಮಯವಿಲ್ಲದವನು ಪ್ರವಾಸಿ ಮಾತ್ರ.

ಒಂದೇ ಬೆಲೆಯ ಹುಟ್ಟು

ಪಶ್ಚಿಮದ ಪ್ರವಾಸಿಗೆ ಚೌಕಾಸಿ ವಿಚಿತ್ರವಾಗಿ ಕಾಣುವುದು ಅವನ ದೇಶದಲ್ಲಿ ಅದು ಎಂದೂ ಇರಲಿಲ್ಲವೆಂದಲ್ಲ. ನಿಕಿತಿನ್, ಪಾಯೆಸ್, ಟಾವರ್ನಿಯೆ ಇವರಲ್ಲಿ ಯಾರೂ ಚೌಕಾಸಿಯನ್ನು ಕಂಡು ಅಚ್ಚರಿಪಡಲಿಲ್ಲ. ಅವರ ಊರಿನಲ್ಲಿಯೂ ಅದೇ ಪದ್ಧತಿ. ಒಂದೇ ಬೆಲೆ ಎಂಬುದು ಈಚಿನ ಕಲ್ಪನೆ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಕ್ವೇಕರ್ ಪಂಥದವರು, ಕೊಡುವ ಬೆಲೆಗಿಂತ ಹೆಚ್ಚು ಹೇಳುವುದು ಸುಳ್ಳು ಹೇಳಿದಂತೆ ಎಂದು ಚೌಕಾಸಿಯನ್ನು ಬಿಟ್ಟರು. ಮಗುವನ್ನು ಕಳಿಸಿದರೂ ಅದೇ ಬೆಲೆಗೆ ಸರಕು ಸಿಗುತ್ತದೆ ಎಂಬ ನಂಬಿಕೆಯಿಂದ ಅವರ ಅಂಗಡಿಗಳು ಬೆಳೆದವು. ಜಪಾನಿನಲ್ಲಿ ಮಿತ್ಸುಯಿ ಮನೆತನ 1673ರಲ್ಲಿ ಎದೊ ನಗರದಲ್ಲಿ ತೆರೆದ ಬಟ್ಟೆಯ ಅಂಗಡಿ ನಗದು ಹಣಕ್ಕೆ ಒಂದೇ ಬೆಲೆ ಎಂಬ ಪದ್ಧತಿಗೆ ಹೆಸರಾಯಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪ್ಯಾರಿಸ್ಸಿನ ಬಾನ್ ಮಾರ್ಷೆಯಂಥ ದೊಡ್ಡ ಅಂಗಡಿಗಳು ಬಂದ ಮೇಲೆ ಬೆಲೆಯ ಚೀಟಿ ಸಾಮಾನ್ಯವಾಯಿತು. ಕಾರಣ ಸರಳ. ಅಂಗಡಿಯ ಒಡೆಯನೇ ಗಲ್ಲೆಯ ಮೇಲೆ ಕೂತರೆ ಚೌಕಾಸಿ ಮಾಡಬಹುದು. ನೂರಾರು ಜನ ಸಂಬಳದ ನೌಕರರು ಮಾರುವಲ್ಲಿ ಬೆಲೆ ಬಿಡುವ ಅಧಿಕಾರವನ್ನು ಯಾರಿಗೆ ಕೊಡುವುದು? ಒಂದೇ ಬೆಲೆ ನೀತಿಯಿಂದಷ್ಟೇ ಅಲ್ಲ, ಅನುಕೂಲದಿಂದಲೂ ಹುಟ್ಟಿತು.

ಹಂಪಿಯಲ್ಲಿ ಈ ಎರಡು ಲೋಕಗಳೂ ಎದುರುಬದುರಾಗುತ್ತವೆ. ವಿರೂಪಾಕ್ಷ ಗುಡಿಯ ಮುಂದಿನ ರಥಬೀದಿಯ ಕಲ್ಲುಮಂಟಪಗಳಲ್ಲಿ ಬಹಳ ಕಾಲ ಅಂಗಡಿಗಳೂ ಮನೆಗಳೂ ಇದ್ದವು. 2011ರಲ್ಲಿ ಅವುಗಳನ್ನು ತೆರವು ಮಾಡಲಾಯಿತು. ಇಂದಿಗೂ ಸುತ್ತಮುತ್ತ ಲಂಬಾಣಿ ಹೆಣ್ಣುಮಕ್ಕಳು ಕನ್ನಡಿ ಕಸೂತಿಯ ಚೀಲ, ಮಣಿಸರಗಳನ್ನು ವಿದೇಶಿಯರಿಗೆ ಮಾರುವುದುಂಟು. ಅವರು ಹೇಳುವ ಮೊದಲ ಬೆಲೆ ಊರಿನವರಿಗೆ ಹೇಳುವ ಬೆಲೆಯಲ್ಲ. ಇದನ್ನು ಮೋಸ ಎನ್ನುವವರು ಒಂದು ಸಂಗತಿ ನೆನೆಯಬೇಕು. ಅದೇ ಹಂಪಿಯ ಸ್ಮಾರಕಗಳನ್ನು ನೋಡಲು ಪುರಾತತ್ವ ಇಲಾಖೆ 2018ರಲ್ಲಿ ಪರಿಷ್ಕರಿಸಿದ ದರದಂತೆ ಭಾರತೀಯರಿಗೆ 40 ರೂಪಾಯಿ, ವಿದೇಶಿಯರಿಗೆ 600 ರೂಪಾಯಿ. ಉಳ್ಳವರು ಹೆಚ್ಚು ಕೊಡಲಿ ಎಂಬ ಒಂದೇ ತರ್ಕ ಎರಡೂ ಕಡೆ ಇದೆ. ವ್ಯತ್ಯಾಸವೆಂದರೆ ಸರಕಾರದ ಬೆಲೆ ಫಲಕದ ಮೇಲಿದೆ, ಅದಕ್ಕೆ ಚೌಕಾಸಿಯಿಲ್ಲ. ಲಂಬಾಣಿ ಹೆಣ್ಣುಮಗಳ ಬೆಲೆಗೆ ಚೌಕಾಸಿಯಿದೆ, ಫಲಕವಿಲ್ಲ.

ಹಾಗಾದರೆ ಪರದೇಶಿ ಏನು ಮಾಡಬೇಕು? ಹಳೆಯ ಪ್ರವಾಸಿಗಳು ಮಾಡಿದ್ದನ್ನೇ. ಪಾಯೆಸನಂತೆ ಎರಡು ಕಡೆಯ ಬೆಲೆ ತಿಳಿದುಕೊಳ್ಳುವುದು. ತನ್ನ ಮುಂದೆ ಕೊಳ್ಳುತ್ತಿರುವ ಊರಿನವರು ಎಷ್ಟು ಕೊಟ್ಟರೆಂದು ನೋಡುವುದು. ಟಾವರ್ನಿಯೆಯಂತೆ ಮೊದಲ ಸಣ್ಣ ವ್ಯಾಪಾರದಲ್ಲಿ ಒಂದಿಷ್ಟು ಬಿಟ್ಟುಕೊಟ್ಟು ಎರಡನೆಯ ದಿನವೂ ಅದೇ ಅಂಗಡಿಗೆ ಹೋಗುವುದು. ತಾನು ಒಂದು ಬೆಲೆ ಬಾಯಿಬಿಟ್ಟು ಕೇಳಿ, ಎದುರಿನವರು ಒಪ್ಪಿದ ಮೇಲೆ ಬೇಡವೆಂದು ಹೊರಡದಿರುವುದು. ಸಂತೆಯ ನೀತಿಯಲ್ಲಿ ಮಾತು ತಪ್ಪುವುದೆಂದರೆ ಇದೇ. ಬೋಣಿಗೆಯ ಹೊತ್ತಿನಲ್ಲಿ ಸುಮ್ಮನೆ ಬೆಲೆ ಕೇಳದಿರುವುದು. ಜೊತೆಗೆ ಅಕ್ಕಾ, ಅಣ್ಣಾ ಎಂಬ ಎರಡು ಮಾತು ಕಲಿತರೆ ಇನ್ನೂ ಒಳ್ಳೆಯದು. ಅವುಗಳ ಬೆಲೆ ಯಾವ ನಾಣ್ಯದಲ್ಲಿಯೂ ಲೆಕ್ಕವಾಗುವುದಿಲ್ಲ.

ಊರಿನವರೂ ಯೋಚಿಸಬೇಕಾದ ಮಾತೊಂದಿದೆ. ದೊಡ್ಡ ಅಂಗಡಿಯಲ್ಲಿ ಚೀಟಿಯ ಮೇಲಿದ್ದ ಬೆಲೆಯನ್ನು ತುಟಿ ಬಿಚ್ಚದೆ ಕೊಟ್ಟು ಬಂದವರೇ, ರಸ್ತೆಯ ಬದಿಯಲ್ಲಿ ಮೆಂತ್ಯೆ ಪಲ್ಲೆಯ ಸಿವುಡು ಹರಡಿಕೊಂಡು ಬಿಸಿಲಲ್ಲಿ ಕುಳಿತ ಮುದುಕಿಯೊಡನೆ ಎರಡು ರೂಪಾಯಿಗೆ ಹತ್ತು ನಿಮಿಷ ವಾದಿಸುತ್ತಾರೆ. ಅವಳ ಸರಕು ಸಂಜೆಗೆ ಬಾಡುತ್ತದೆ. ಎದ್ದುಹೋಗುವ ಸ್ವಾತಂತ್ರ್ಯ ಕೊಳ್ಳುವವರಿಗೆ ಮಾತ್ರ ಇದೆ, ಅವಳಿಗಿಲ್ಲ. ಇಬ್ಬರಿಗೂ ಆ ಸ್ವಾತಂತ್ರ್ಯವಿದ್ದಾಗ ಚೌಕಾಸಿ ಒಂದು ಆಟ, ಒಂದು ಸಂಬಂಧ. ಒಬ್ಬರಿಗೆ ಮಾತ್ರ ಇದ್ದರೆ ಅದು ಬಲಪ್ರಯೋಗದ ತಂಗಿ. ಅಂಥ ಹೊತ್ತಿನಲ್ಲಿ ಸಂತೆಯಲ್ಲಿ ದಿಕ್ಕಿಲ್ಲದ ಪರದೇಶಿ, ಕ್ಯಾಮೆರಾ ಹೊತ್ತ ಪ್ರವಾಸಿಯಲ್ಲ. ಬುಟ್ಟಿಯ ಮುಂದೆ ಕುಳಿತವಳು.